ವೈಫೈ ವೈದ್ಯರು

ಜ್ವರ ಬಂದರೆ ಬೀದಿಯವರೆಲ್ಲ ಕಷಾಯ ಹೇಳುತ್ತಿದ್ದ ಕಾಲ ಹೋಯಿತು. ಈಗ ವೈಫೈ ಕೈಕೊಟ್ಟರೆ ಮನೆಗೊಬ್ಬ ಪಂಡಿತ. ಕಸ್ಟಮರ್ ಕೇರ್‌ನವರದು ಒಂದೇ ಮದ್ದು: "ಆಫ್ ಮಾಡಿ ಆನ್ ಮಾಡಿ ಸಾರ್." ನಗಬೇಡಿ, ಅರ್ಧ ಕಾಯಿಲೆ ಅದರಲ್ಲೇ ವಾಸಿ. ತಿಂಗಳುಗಟ್ಟಲೆ ಕಣ್ಣು ಮುಚ್ಚದ ರೂಟರಿಗೂ ಒಂದು ನಿದ್ದೆ ಬೇಡವೇ? ಆದರೆ ಡಬ್ಬಿಯಲ್ಲಿ 'ಎಲ್‌ಓಎಸ್' ದೀಪ ಕೆಂಪಗೆ ಮಿನುಗುತ್ತಿದ್ದರೆ ಸ್ವಿಚ್ಚು ಒತ್ತಿ ಬೆರಳು ಸವೆಸಬೇಡಿ. ಫೈಬರ್ ಎಲ್ಲೋ ತುಂಡಾಗಿದೆ ಇಲ್ಲವೇ ಮಡಚಿದೆ, ಲೈನ್‌ಮ್ಯಾನೇ ಬರಬೇಕು.

ನಮ್ಮತ್ತೆ ರೂಟರನ್ನು ಟಿವಿ ಹಿಂದೆ ಕೂರಿಸಿ, ಮೇಲೊಂದು ಕ್ರೋಶಾ ಹೊದಿಕೆ ಹಾಕಿದ್ದಾರೆ. "ಧೂಳು ಕೂರುತ್ತಲ್ಲಪ್ಪ!"

"ಅದಕ್ಕೆ ಗಾಳಿ ಬೇಕು ಆಂಟಿ, ಎತ್ತರದಲ್ಲಿಡಿ," ಎಂದ ಪಕ್ಕದ ಮನೆ ಹುಡುಗ. ಮೈಕ್ರೋವೇವ್ ಓವನ್ನೂ ವೈಫೈಯೂ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲೇ ಓಡಾಡುವುದರಿಂದ, ಹಾಲು ಬಿಸಿಯಾಗುವಾಗ ಧಾರಾವಾಹಿ ನಿಲ್ಲುತ್ತದಂತೆ. 5 ಗಿಗಾಹರ್ಟ್ಸ್‌ಗೆ ಹೋದರೆ ಆ ಜಗಳವಿಲ್ಲ. ಆದರೆ ಗೋಡೆ ದಾಟಲು ಅದಕ್ಕೆ ಮಹಾ ಸೋಮಾರಿತನ.

ಅತ್ತೆ ಖುಷಿಯಾಗಿ ಕೋಡುಬಳೆ ತಟ್ಟೆ ಮುಂದಿಟ್ಟು, "ಹಾಗೇ ಪ್ರಿಂಟರೂ ಸ್ವಲ್ಪ ನೋಡ್ತೀಯೇನೋ ಮರಿ?" ಎಂದರು.

ಹುಡುಗ ಕೋಡುಬಳೆ ಬಿಟ್ಟು ಚಪ್ಪಲಿ ಹುಡುಕತೊಡಗಿದ.