ಗುಡ್ಡವಿಲ್ಲದ ಹಿಲ್ಸು

(ದುಬೈ. ಭಟ್ಕಳದ ಸಾಹೇಬರ ಜವಳಿ ಅಂಗಡಿ. ಗಲ್ಲಾಪೆಟ್ಟಿಗೆಯ ಮೇಲೆ ಗಾಲ್ಫ್ ಮೈದಾನದ ಸುತ್ತ ಕಟ್ಟಿದ, ಗೇಟು ಹಾಕಿದ ಬಡಾವಣೆಗಳ ಬ್ರೋಚರುಗಳು. ಎದುರಿಗೆ ಕುಮಟೆಯ ಹೆಗಡೇರು.)

"ಹೆಗಡೇರೇ, ಎಮಿರೇಟ್ಸ್ ಹಿಲ್ಸೋ, ಜುಮೇರಾ ಗಾಲ್ಫ್ ಎಸ್ಟೇಟ್ಸೋ?"

"ಹಿಲ್ಸಲ್ಲಿ ಗುಡ್ಡ ಎಲ್ಲುಂಟು ಸಾಹೇಬ್ರೇ?"

"ರೇಟಲ್ಲಿ."

"ಜುಮೇರಾದಲ್ಲಿ?"

"ಎರಡು ಕೋರ್ಸು. ಒಂದರ ಹೆಸರು ಅರ್ಥ್, ಇನ್ನೊಂದು ಫೈರ್. ಗಾಲ್ಫ್ ಆಟಗಾರ ಗ್ರೆಗ್ ನಾರ್ಮನ್ ಮಾಡಿದ್ದು."

"ಭೂಮಿ, ಬೆಂಕಿ ಆಯ್ತು. ನೀರು?"

"ಇಲ್ಲಿ ಗಾಲ್ಫ್ ಹುಲ್ಲಿಗೆಲ್ಲ ಹೆಚ್ಚಾಗಿ ಊರಿನ ಕೊಳಚೆ ನೀರನ್ನೇ ಶುದ್ಧ ಮಾಡಿ ಬಿಡ್ತಾರೆ."

"ಹಾಗಾದ್ರೆ ಅದರಲ್ಲಿ ನಮ್ಮ ಪಾಲೂ ಉಂಟು!"

"ತಮಾಷೆ ಬೇಡ. 1988ರಲ್ಲೇ ಎಮಿರೇಟ್ಸ್ ಗಾಲ್ಫ್ ಕ್ಲಬ್ಬಿನವರು ಮರಳಲ್ಲಿ ಹುಲ್ಲು ಎಬ್ಬಿಸಿದ್ರು."

"ಹೊನ್ನಾವರದ ಬೇಣದಲ್ಲಿ ಜೂನ್ ಮಳೆ ಎಬ್ಬಿಸ್ತದೆ. ಕತ್ತರಿಸ್ಲಿಕ್ಕೆ ದನ ಉಂಟು. ಸಂಬಳ ಕೇಳೂದಿಲ್ಲ, ಮೇಲಿಂದ ಹಾಲೂ ಕೊಡ್ತದೆ."

"ಗೇಟು ಬೇಕಲ್ಲ ಮಾರಾಯ್ರೇ, ಗೇಟು!"

"ದಣಪೆ ಹಾಕುವ. ಅದಿರ್ಲಿ, ನೀವು ಗಾಲ್ಫ್ ಆಡೂದು ಯಾವಾಗ?"

"ನಾನೆಲ್ಲಿ ಆಡೂದು? ರಾತ್ರಿ ಹತ್ತರ ತನಕ ಅಂಗಡಿ. ಶುಕ್ರವಾರ ಬಾಲ್ಕನಿಯಲ್ಲಿ ಕೂತು ಬೇರೆಯವರು ಆಡೂದು ನೋಡೂದು."

(ಕೋಟಿಗಟ್ಟಲೆಯ ಬಾಲ್ಕನಿ. ಯಕ್ಷಗಾನದ ಮುಂದಿನ ಕುರ್ಚಿಯೂ ಇಷ್ಟು ದುಬಾರಿಯಲ್ಲ.)

"ದುಡ್ಡು?"

"ಭಟ್ಕಳದ ಮನೆ ಮಾರ್ತೇನೆ. ಏಳು ಬೆಡ್‌ರೂಮು, ಎತ್ತರದ ಕಂಪೌಂಡು, ಗೇಟಿಗೆ ಕಾವಲುಗಾರ."

"ಒಳಗೆ ಯಾರುಂಟು?"

"ಯಾರೂ ಇಲ್ಲ."

"ಅಂಗಳದಲ್ಲಿ ಹುಲ್ಲು?"

"ಸೊಂಟದುದ್ದ."

"ಸಾಹೇಬ್ರೇ, ಅದಕ್ಕೇ ಒಂದು ಬ್ರೋಚರ್ ಮಾಡ್ಸಿ. ಹದಿನೆಂಟು ಗುಂಡಿ ಬೇಕಾದ್ರೆ ನಮ್ಮ ರಸ್ತೆಯಿಂದಲೇ ತರುವ."