ಸ್ಮೋಕ್ ಅಲಾರಂ ಒಪ್ಪಿದ ಅಡುಗೆ

ಈ ವಾರ ರಾತ್ರಿ ಊಟಕ್ಕೆ ಏನೇನು ಎಂದು ಅಮೆರಿಕದ ಕನ್ನಡಿಗರನ್ನು ಕೇಳಿ, ಬಂದ ಉತ್ತರಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದರೆ ಒಂದು ಸೋಜಿಗ ಕಾಣುತ್ತದೆ. ನ್ಯೂಜೆರ್ಸಿಯ ಎಡಿಸನ್ನಿನಲ್ಲಿರುವ ಧಾರವಾಡದವರ ಮನೆ, ಡಲ್ಲಾಸ್ ಪಕ್ಕದ ಫ್ರಿಸ್ಕೋದಲ್ಲಿರುವ ಮಂಡ್ಯದವರ ಮನೆ, ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿರುವ ಉಡುಪಿಯವರ ಮನೆ, ಮೂರರಲ್ಲೂ ಪಟ್ಟಿ ಹೆಚ್ಚುಕಡಿಮೆ ಒಂದೇ. ಸೋಮವಾರ ಇಡ್ಲಿ, ಆಮೇಲೆ ದೋಸೆ, ನಡುವೆ ಭಾನುವಾರ ಮಾಡಿಟ್ಟ ಹುಳಿ, ಒಂದು ದಿನ ಬಿಸಿಬೇಳೆ ಬಾತ್, ಶುಕ್ರವಾರ ಪಿಜ್ಜಾ. ಇದೇ ಮೂವರು ಊರಿನಲ್ಲಿದ್ದಿದ್ದರೆ ಒಬ್ಬರ ಸಾರನ್ನು ಇನ್ನೊಬ್ಬರು ಸಾರೆಂದೇ ಒಪ್ಪುತ್ತಿರಲಿಲ್ಲ. ಹುಳಿಗೆ ಬೆಲ್ಲ ಹಾಕಬೇಕೆ ಬೇಡವೆ ಎಂಬ ಒಂದೇ ಪ್ರಶ್ನೆಗೆ ಬೀಗರ ನಡುವೆ ಮಾತು ನಿಲ್ಲುವ ನಾಡು ನಮ್ಮದು. 1956ರ ಏಕೀಕರಣದಿಂದಲೂ ಸಾಧ್ಯವಾಗದಿದ್ದ ಅಡುಗೆಮನೆಯ ಏಕೀಕರಣ ಎಡಿಸನ್ನಿನಲ್ಲಿ ಸದ್ದಿಲ್ಲದೆ ಆಗಿಹೋಗಿದೆ. ಮಾಡಿದವರು ಯಾರು? ಕೆಲವರು ಸಮಯದ ಅಭಾವ ಎನ್ನುತ್ತಾರೆ, ಕೆಲವರು ಮಕ್ಕಳ ಹಟ ಎನ್ನುತ್ತಾರೆ, ಭಾವುಕರು ತವರಿನ ನೆನಪು ಎನ್ನುತ್ತಾರೆ. ಇವು ಯಾವುವೂ ಅಲ್ಲ, ಮಾಡಿದ್ದು ಮನೆ ಎಂಬುದು ನನ್ನ ವಾದ. ಮನೆಯೆಂದರೆ ಮನೆಮಂದಿಯಲ್ಲ, ಮರದ ಚೌಕಟ್ಟು, ಜಿಪ್ಸಂ ಹಲಗೆಯ ಗೋಡೆ, ನೆಲಕ್ಕೆ ಅಂಟಿಸಿದ ಕಾರ್ಪೆಟ್ಟು, ಸೂರಿಗೆ ಸಿಕ್ಕಿಸಿದ ಅಲಾರಂ ಇರುವ ಆ ಕಟ್ಟಡ. ಏನು ಬೇಯಬೇಕೆಂದು ಅದು ಅಪ್ಪಣೆ ಕೊಡುತ್ತದೆ, ಸೌಟು ಹಿಡಿದವರು ಪಾಲಿಸುತ್ತಾರೆ.

ಅಲಾರಮ್ಮಿನಿಂದಲೇ ಶುರುಮಾಡೋಣ. ಅಲ್ಲಿನ ಮನೆಗಳು ಬಹುಪಾಲು ಮರದವು, ಆದ್ದರಿಂದ ಬೆಂಕಿಯ ಭಯ ಸುಳ್ಳಲ್ಲ. ಹೊಗೆ ಕಂಡುಹಿಡಿಯುವ ಯಂತ್ರ ಒಲೆಯಿಂದ ಕನಿಷ್ಠ 10 ಅಡಿ ದೂರದಲ್ಲಿರಲಿ ಎನ್ನುತ್ತಾರೆ ಅಗ್ನಿಸುರಕ್ಷೆಯವರು. ಸುಮ್ಮಸುಮ್ಮನೆ ಕೂಗದಿರಲಿ ಎಂದು ಈ ಅಂತರ. ಆದರೆ ಬ್ಯಾಡಗಿ ಮೆಣಸಿನಕಾಯಿ ಹುರಿದಾಗ ಏಳುವ ಘಾಟನ್ನು ಎದುರಿಗಿಟ್ಟುಕೊಂಡು ಹಾಕಿದ ಲೆಕ್ಕದಂತೆ ಅದು ಕಾಣುವುದಿಲ್ಲ. ಮೇಲಾಗಿ ಅಲ್ಲಿನ ಹೊಸ ಅಡುಗೆಮನೆಗೆ ಬಾಗಿಲೂ ಇಲ್ಲ, ಗೋಡೆಯೂ ಇಲ್ಲ. ಒಲೆ, ಊಟದ ಮೇಜು, ಸೋಫಾ, ಟಿವಿ ಎಲ್ಲ ಒಂದೇ ಬಯಲು. ಒಲೆಯ ನೆತ್ತಿಯ ಮೇಲೆ ಮೈಕ್ರೋವೇವ್, ಅದರ ಹೊಟ್ಟೆಯಲ್ಲಿ ಒಂದು ಫ್ಯಾನು. ಎಷ್ಟೋ ಮನೆಗಳಲ್ಲಿ ಆ ಫ್ಯಾನು ಹೊಗೆಯನ್ನು ಹೊರಗೆ ಕಳಿಸುವುದೇ ಇಲ್ಲ. ಜಾಲರಿಯಲ್ಲಿ ಒಮ್ಮೆ ಸೋಸಿ, ಒಗ್ಗರಣೆ ಹಾಕಿದವರ ಮುಖಕ್ಕೇ ಮರಳಿ ಊದುತ್ತದೆ. ಅಲಾರಮ್ಮುಗಳೋ ಒಂದಕ್ಕೊಂದು ತಂತಿ ಬೆಸೆದುಕೊಂಡಿರುತ್ತವೆ. ಕೆಳಗೆ ಒಂದು ಕೂಗಿದರೆ ಮಹಡಿಯ ಮೇಲೆ ಮಗು ಮಲಗಿರುವ ಕೋಣೆಯದೂ ಕೂಗುತ್ತದೆ. ಒಂದು ಒಗ್ಗರಣೆಗೆ ಮೂರಾಳು ಬೇಕು: ಸಾಸಿವೆ ಸಿಡಿಸಲು ಒಬ್ಬರು, ಅಲಾರಮ್ಮಿನ ಕೆಳಗೆ ಟವೆಲ್ ಬೀಸಲು ಒಬ್ಬರು, ಹೊರಗೆ ಹಿಮ ಬೀಳುತ್ತಿದ್ದರೂ ಮುಂಬಾಗಿಲು ತೆರೆದು ಹಿಡಿಯಲು ಇನ್ನೊಬ್ಬರು. ಬುಧವಾರ ರಾತ್ರಿ ಎಂಟಕ್ಕೆ ಇಷ್ಟು ಜನರನ್ನು ಯಾವ ಸಂಸಾರವೂ ಹೊಂದಿಸಲಾರದು. ಹಾಗಾಗಿ ಹುರಿದು ಪುಡಿ ಮಾಡುವ ಅಡುಗೆಯೆಲ್ಲ ಪಟ್ಟಿಯಿಂದ ತಾನಾಗಿ ಬಿದ್ದುಹೋಯಿತು. ಸಾರಿನ ಪುಡಿ, ವಾಂಗೀಬಾತ್ ಪುಡಿ, ಚಟ್ನಿಪುಡಿಗಳೆಲ್ಲ ಬೆಂಗಳೂರಿನಲ್ಲೇ ಘಾಟು ಕಳೆದುಕೊಂಡು ಸೂಟ್‌ಕೇಸಿನಲ್ಲಿ ಬರುತ್ತವೆ. ಧಾರವಾಡ, ಮಂಡ್ಯ, ಉಡುಪಿಗಳ ವ್ಯತ್ಯಾಸವೆಲ್ಲ ಇದ್ದದ್ದು ಹುರಿಯುವ ಆ ಹತ್ತು ನಿಮಿಷದಲ್ಲೇ. ಅದು ಹೋದ ಮೇಲೆ ಉಳಿಯುವುದು ತೊಗರಿಬೇಳೆ ಮತ್ತು ಪೊಟ್ಟಣ.

ವಾಸನೆಯ ವಿಷಯ ಇನ್ನೂ ಸೂಕ್ಷ್ಮ. ರೆಡ್ ಆಕ್ಸೈಡ್ ನೆಲಕ್ಕೆ ನೆನಪಿನ ಶಕ್ತಿಯಿಲ್ಲ, ಒರೆಸಿದರೆ ಮುಗಿಯಿತು. ಕಾರ್ಪೆಟ್ಟು ಹಾಗಲ್ಲ, ಕಳೆದ ಯುಗಾದಿಗೆ ಕರಿದದ್ದನ್ನು ದೀಪಾವಳಿಗೂ ಹೇಳುತ್ತದೆ. ಚಳಿಗಾಲದಲ್ಲಿ ಕಿಟಕಿ ತೆರೆಯುವಂತಿಲ್ಲ, ಬಿಸಿಗಾಳಿಯ ಯಂತ್ರ ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ಸುತ್ತಿಸಿ ಇಂಗಿನ ಪರಿಮಳವನ್ನು ಎಲ್ಲ ಕೋಣೆಗಳಿಗೂ ಸಮನಾಗಿ ಹಂಚುತ್ತದೆ. ಬಾಗಿಲ ಬಳಿ ತೂಗುಹಾಕಿದ ದಪ್ಪ ಜಾಕೆಟ್ಟುಗಳು ಅದನ್ನು ಕುಡಿದುಕೊಂಡು ಮರುದಿನ ಶಾಲೆಗೂ ಆಫೀಸಿಗೂ ಹೋಗುತ್ತವೆ. ಮಂಗಳೂರಿನವರ ಕಷ್ಟವಂತೂ ಬೇರೆಯೇ. ಮೀನು ಹುರಿಯಬೇಕಾದರೆ ಮೊದಲು ಹವಾಮಾನ ವರದಿ ನೋಡಬೇಕು, ಏಕೆಂದರೆ ಹುರಿಯುವುದು ಗರಾಜಿನಲ್ಲಿ ಅಥವಾ ಹಿತ್ತಿಲ ಡೆಕ್ಕಿನಲ್ಲಿಟ್ಟ ಗ್ಯಾಸ್ ಗ್ರಿಲ್ಲಿನ ಪಕ್ಕದೊಲೆಯಲ್ಲಿ. ಬಜ್ಜಿ, ಬೋಂಡ, ಅಂಬೊಡೆಗಳಿಗೂ ಅದೇ ಗಡೀಪಾರು. ಊರಿನಲ್ಲಿ ಮಳೆ ಬಂದರೆ ಬಜ್ಜಿ ಕರಿಯುತ್ತಾರೆ. ಮಿಷಿಗನ್ನಿನಲ್ಲಿ ಮಳೆ ನಿಂತರೆ ಕರಿಯುತ್ತಾರೆ. ಇಷ್ಟು ದೊಡ್ಡ ಸಾಂಸ್ಕೃತಿಕ ತಿರುವು ಯಾವ ವಿಶ್ವವಿದ್ಯಾಲಯದ ಕಣ್ಣಿಗೂ ಬೀಳದೆ ನಡೆದುಹೋಗಿದೆ.

ಇನ್ನು ಹಿಟ್ಟು. ವಾರದ ಪಟ್ಟಿಯ ಬೆನ್ನೆಲುಬೇ ಇದು. ಬೆಂಗಳೂರಿನ ಬೇಸಿಗೆಯಲ್ಲಿ ರುಬ್ಬಿಟ್ಟ ಹಿಟ್ಟು ಬೆಳಗಾಗುವಷ್ಟರಲ್ಲಿ ಪಾತ್ರೆಯ ಮುಚ್ಚಳ ಎತ್ತಿರುತ್ತದೆ. 68 ಡಿಗ್ರಿ ಫ್ಯಾರನ್‌ಹೀಟಿಗೆ, ಅಂದರೆ ಸುಮಾರು 20 ಡಿಗ್ರಿ ಸೆಲ್ಸಿಯಸ್ಸಿಗೆ ಕಟ್ಟಿಹಾಕಿದ ಮನೆಯಲ್ಲಿ ಅದು ಎರಡು ದಿನವಾದರೂ ಉಸಿರೆತ್ತುವುದಿಲ್ಲ. ಆಗ ಬರುತ್ತದೆ ಅವನ್ನಿನ ಉಪಾಯ: ಅವನ್ ಹಚ್ಚದೆ, ಒಳಗಿನ ದೀಪವನ್ನಷ್ಟೇ ಹಾಕಿ, ಆ ಬಲ್ಬಿನ ಕಾವಿನಲ್ಲಿ ಹಿಟ್ಟನ್ನು ಮಲಗಿಸುವುದು. ಬಾಗಿಲಿಗೆ 'ಒಳಗೆ ಹಿಟ್ಟಿದೆ' ಎಂಬ ಚೀಟಿ ಅಂಟಿಸುವುದು ಶಾಸ್ತ್ರದ ಭಾಗ. ಅಂಟಿಸದ ಮನೆಗಳಲ್ಲಿ ಯಾರೋ ಪಿಜ್ಜಾಕ್ಕೆಂದು 425 ಡಿಗ್ರಿ ಒತ್ತಿ, ಪ್ಲಾಸ್ಟಿಕ್ ಡಬ್ಬಿ ಸಮೇತ ಹೊಸ ತಿಂಡಿಯೊಂದು ಹುಟ್ಟುತ್ತದೆ. ಅಂತೂ ಉಬ್ಬಿದ ಹಿಟ್ಟು ಫ್ರಿಜ್ಜಿಗೆ ಹೋದ ಮೇಲೆ ವಾರ ನಡೆಯುವುದು ಅದರ ವಯಸ್ಸಿನ ಪ್ರಕಾರ. ಎಳೆಯದಿದ್ದಾಗ ಇಡ್ಲಿ, ಪ್ರಾಯದಲ್ಲಿ ದೋಸೆ, ಹುಳಿ ತಿರುಗಿದಾಗ ಈರುಳ್ಳಿ ಹಸಿಮೆಣಸಿನಕಾಯಿ ಹೆಚ್ಚಿ ಹಾಕಿದ ಊತಪ್ಪ, ಕೊನೆಗಾಲದಲ್ಲಿ ಪಡ್ಡು. 'ಇವತ್ತು ಏನು ತಿನ್ನಬೇಕು ಅನ್ನಿಸ್ತಿದೆ?' ಎಂದು ಗಂಡ ಕೇಳುವುದುಂಟು, ಸೌಜನ್ಯಕ್ಕೆ. ಉತ್ತರ ಆಗಲೇ ಡಬ್ಬಿಯೊಳಗೆ ನಿರ್ಧಾರವಾಗಿರುತ್ತದೆ.

ಒಲೆಯನ್ನೂ ವಿಚಾರಣೆಗೆ ಕರೆಯಬೇಕು. ಅಲ್ಲಿ ಹೆಚ್ಚಿನ ಮನೆಗಳಲ್ಲಿ ವಿದ್ಯುತ್ ಒಲೆಯೇ, ಎಷ್ಟೋ ಕಡೆ ಮೇಲ್ಮೈ ನುಣುಪಾದ ಗಾಜಿನದು. 2019ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್‌ಲಿ ನಗರ ಹೊಸ ಕಟ್ಟಡಗಳಿಗೆ ಗ್ಯಾಸ್ ಕೊಳವೆಯೇ ಬೇಡ ಎಂದಿತು. ನ್ಯಾಯಾಲಯ ಅದನ್ನು ಒಪ್ಪಲಿಲ್ಲ, ಆದರೂ ಗಾಳಿ ಬೀಸುತ್ತಿರುವ ದಿಕ್ಕು ತಿಳಿಯಿತು. ಗಾಜಿನ ಒಲೆಯ ಮೇಲೆ ಪಾತ್ರೆ ಕಾಲಲ್ಲಿ ಅದುಮಿ ಹಿಡಿದು ಮುದ್ದೆ ಕೋಲಿನಿಂದ ತಿರುವುವ ದೃಶ್ಯವನ್ನು ಕಲ್ಪಿಸಿಕೊಳ್ಳಿ. ಮುದ್ದೆ ಗಂಟಾಗದೆ ಉಳಿದರೂ ಒಲೆ ಇಡಿಯಾಗಿ ಉಳಿಯುವ ಭರವಸೆಯಿಲ್ಲ. ಫುಲ್ಕ ಉಬ್ಬಿಸಲು ಉರಿಯಿಲ್ಲ. ಬಾಣಲೆಗೇ ಅಕ್ಕಿಹಿಟ್ಟು ತಟ್ಟುವ ರೊಟ್ಟಿಗೆ ದುಂಡು ತಳದ ಬಾಣಲೆ ಬೇಕು, ಅದು ಗಾಜಿನ ಮೇಲೆ ಬುಗುರಿಯಂತೆ ತಿರುಗುತ್ತದೆ. ಹೀಗೆ ಒಂದೊಂದೇ ಹಿಂದೆ ಸರಿದ ಮೇಲೆ ಎದ್ದುನಿಂತದ್ದು ಇನ್‌ಸ್ಟಂಟ್ ಪಾಟ್. ಕೆನಡಾದ ಒಟ್ಟಾವಾದಲ್ಲಿ ರಾಬರ್ಟ್ ವಾಂಗ್ ಎಂಬ ಎಂಜಿನಿಯರ್ ತಂಡ ಕಟ್ಟಿಕೊಂಡು ಮಾಡಿ 2010ರಲ್ಲಿ ಮಾರುಕಟ್ಟೆಗೆ ತಂದ ಈ ಯಂತ್ರ ಅಮೆರಿಕದ ಮನೆಗೆ ಹೇಳಿ ಮಾಡಿಸಿದ ಸೊಸೆ: ಹೊಗೆಯಿಲ್ಲ, ಉರಿಯಿಲ್ಲ, ಕೂಗುವುದೂ ಇಲ್ಲ. ಆ ಕೂಗದಿರುವುದೇ ನಮ್ಮವರಿಗೆ ಪೀಕಲಾಟ. ನಮ್ಮ ಪಾಕಶಾಸ್ತ್ರದ ಗಡಿಯಾರವೇ ಕುಕ್ಕರಿನ ಕೂಗು. 'ಬೇಳೆ ನಾಲ್ಕು ಸಲ ಕೂಗಿಸು' ಎಂದು ಹಾಸನದಿಂದ ಅಮ್ಮ ಫೋನಿನಲ್ಲಿ ಹೇಳಿದರೆ, ಅದನ್ನು ನಿಮಿಷಕ್ಕೆ ಭಾಷಾಂತರಿಸಲು ಎಂಜಿನಿಯರಿಂಗ್ ಪದವಿಯೂ ಸಾಲದು. ಆದರೂ ಅನ್ನ, ಹುಳಿ, ಪೊಂಗಲ್, ಬಿಸಿಬೇಳೆ ಬಾತ್ ನಾಲ್ಕನ್ನೂ ಅದು ಮುಚ್ಚಳ ಹಾಕಿಕೊಂಡು ಮಾಡುತ್ತದೆ. ಮುಚ್ಚಳ ಹಾಕಿ ಮಾಡಬಹುದಾದದ್ದೇ ಈ ವಾರದ ಅಡುಗೆ ಎಂಬ ನಿಯಮ ಅಲ್ಲಿಗೆ ಪೂರ್ತಿಯಾಯಿತು.

ಇದೆಲ್ಲ ಸರಿ, ಆದರೆ ಮೂಲ ಕಾರಣ ಸಮಯವಿಲ್ಲದಿರುವುದು, ಗಂಡಹೆಂಡಿರಿಬ್ಬರೂ ದುಡಿಯುತ್ತಾರೆ ಎಂದು ಆಕ್ಷೇಪಿಸುವವರಿದ್ದಾರೆ. ಬೆಂಗಳೂರಿನಲ್ಲಿ ಇಬ್ಬರೂ ದುಡಿಯುವುದಿಲ್ಲವೆ? ಬೆಂಗಳೂರಿನವರು ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ಕಳೆಯುವ ಹೊತ್ತಿನಲ್ಲಿ ಫ್ರಿಸ್ಕೋದವರು ಮಗನನ್ನು ಸಾಕರ್‌ಗೆ ಬಿಟ್ಟು, ಮಗಳನ್ನು ಭರತನಾಟ್ಯದಿಂದ ಕರೆತಂದಿರುತ್ತಾರೆ. ಬೆಂಗಳೂರಿನಲ್ಲಿ ಅಡುಗೆಯವರು ಸಿಗುತ್ತಾರೆ ಎಂಬ ಮಾತನ್ನು ಒಪ್ಪುತ್ತೇನೆ. ಆದರೆ ಸಮಯದ ಅಭಾವವೊಂದೇ ಕಾರಣವಾಗಿದ್ದರೆ, ಐದು ನಿಮಿಷದ ಒಗ್ಗರಣೆ ಅವಲಕ್ಕಿಗಿಂತ ಐವತ್ತು ನಿಮಿಷದ ಲಸಾನ್ಯ ಹೆಚ್ಚು ಬಾರಿ ಏಕೆ ಆಗುತ್ತದೆ? ಲಸಾನ್ಯ ಅವನ್ನಿನೊಳಗೆ ಬಾಗಿಲು ಮುಚ್ಚಿಕೊಂಡು ಬೇಯುತ್ತದೆ. ಮನೆಗೆ ಅದು ಒಪ್ಪಿತ. ಮಕ್ಕಳ ಹಟದ ವಾದವೂ ಹೀಗೆಯೇ ಜಾರುತ್ತದೆ. ಉಪ್ಪಿಟ್ಟಿಗೆ ಮೂಗು ಮುರಿಯಲು ಮಕ್ಕಳಿಗೆ ಗ್ರೀನ್ ಕಾರ್ಡ್ ಬೇಕಿಲ್ಲ, ಮೈಸೂರಿನಲ್ಲಿದ್ದೇ ಮುರಿಯುತ್ತಾರೆ. ಮೈಸೂರಿನಲ್ಲಿ ಅವರ ಮಾತು ನಡೆಯುವುದಿಲ್ಲ, ಅಮೆರಿಕದಲ್ಲಿ ನಡೆಯುತ್ತದೆ. ಏಕೆಂದರೆ ಅಲ್ಲಿ ಅವರು ಕೇಳುವುದೂ ಅವನ್ ಕೇಳುವುದೂ ಒಂದೇ.

ನಾಲಿಗೆಯ ಪರ ವಾದಿಸುವವರ ಕೈಯಲ್ಲಿ ಒಂದು ಗಟ್ಟಿ ದಾಖಲೆಯಿದೆ, ಅದನ್ನು ಮುಚ್ಚಿಡಲಾರೆ. 2023ರ ಜುಲೈ 20ರಂದು ಭಾರತ ಸರ್ಕಾರ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿದಾಗ, ಅಮೆರಿಕದ ಇಂಡಿಯನ್ ಅಂಗಡಿಗಳ ಮುಂದೆ ಸಾಲು ನಿಂತಿತು. ಒಬ್ಬರಿಗೆ ಇಷ್ಟೇ ಚೀಲ ಎಂದು ಹಲವು ಅಂಗಡಿಗಳು ಮಿತಿ ಹಾಕಿದವು. ಸಾಫ್ಟ್‌ವೇರ್ ಆರ್ಕಿಟೆಕ್ಟುಗಳು 20 ಪೌಂಡಿನ ಸೋನಾ ಮಸೂರಿ ಚೀಲಗಳನ್ನು ಹೆಗಲಿಗೇರಿಸಿ ಓಡಿದರು. ಬಾಸ್ಮತಿ ಯಥೇಚ್ಛವಾಗಿತ್ತು, ಅದರಲ್ಲಿ ಮೊಸರನ್ನ ಕಲೆಸಲು ಯಾರಿಗೂ ಮನಸ್ಸು ಬರಲಿಲ್ಲ. ಇದಕ್ಕಿಂತ ದೊಡ್ಡ ಸಾಕ್ಷಿ ನಾಲಿಗೆಗೆ ಬೇಕೆ? ಬೇಡ. ಆದರೆ ಯಾವುದಕ್ಕೆ ಸಾಲು ನಿಂತರು ಎಂಬುದನ್ನೂ ಗಮನಿಸಬೇಕು: ಮುಚ್ಚಳದೊಳಗೆ ಹೊಗೆಯಿಲ್ಲದೆ ಬೇಯುವ ವಸ್ತುವಿಗೆ. ಮನೆ ಹಾಕಿದ ಬೇಲಿಯೊಳಗೆ ನಾಲಿಗೆ ಸ್ವತಂತ್ರ, ಅಷ್ಟು ಮಾತ್ರ ಒಪ್ಪಬಲ್ಲೆ. ಇದು ಅಸಲಿ ಕನ್ನಡದ ಅಡುಗೆಯೇ ಅಲ್ಲ ಎಂದು ಇಲ್ಲಿ ಯಾರಾದರೂ ಗೊಣಗಿದರೆ ಅವರಿಗೆ ರವೆ ಇಡ್ಲಿ ಬಡಿಸಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾದಾಗ ರವೆಯಲ್ಲಿ ಇಡ್ಲಿ ಮಾಡಿ ನೋಡಿದೆವು ಎಂದು ಮಾವಳ್ಳಿಯ ಎಂಟಿಆರ್ ಹೋಟೆಲು ಹೇಳಿಕೊಳ್ಳುತ್ತದೆ. ಇಕ್ಕಟ್ಟಿನಲ್ಲಿ ಹುಟ್ಟಿದ ತಿಂಡಿಗೆ ಇವತ್ತು ಸಾಗುವಿನ ಮರ್ಯಾದೆ ಸಲ್ಲುತ್ತಿದೆ. ಅದೇ ಹೆಸರಿನ ಎಂಟಿಆರ್ ಫುಡ್ಸ್ 2007ರಲ್ಲಿ ನಾರ್ವೆಯ ಓರ್ಕ್ಲಾ ಕಂಪನಿಯ ಪಾಲಾಯಿತು. ಅಂದರೆ ಎಡಿಸನ್ನಿನ ಕನ್ನಡಿಗ ತಿನ್ನುವ ಪೊಟ್ಟಣದ ಬಿಸಿಬೇಳೆ ಬಾತಿನ ಲಾಭದ ಪಾಲು ಓಸ್ಲೋಗೆ ಹೋಗುತ್ತದೆ. ಅಸಲಿಯ ಪ್ರಶ್ನೆಯನ್ನು ಇಲ್ಲಿಗೇ ಬಿಡುವುದು ಕ್ಷೇಮ.

ನಿಜವಾಗಿ ನನ್ನ ವಾದಕ್ಕೆ ಸವಾಲು ಹಾಕುವವರು ಅಮ್ಮಂದಿರು, ಅತ್ತೆಯಂದಿರು. ಸಂದರ್ಶಕರ ವೀಸಾದ ಮೇಲೆ ಬರುವ ಇವರಿಗೆ ಸಾಮಾನ್ಯವಾಗಿ ಆರು ತಿಂಗಳ ವಾಸ್ತವ್ಯ ಸಿಗುತ್ತದೆ, ಆ ಆರು ತಿಂಗಳು ಮನೆಯ ಅಧಿಕಾರ ರದ್ದು. ವಿಮಾನ ನಿಲ್ದಾಣದಲ್ಲಿ ಕರಿಬೇವನ್ನು ಕಿತ್ತುಕೊಂಡಿರುತ್ತಾರೆ (ಕಿತ್ತಳೆ, ನಿಂಬೆ ಗಿಡಗಳಿಗೆ ರೋಗ ಹರಡುವ ಒಂದು ಕೀಟ ಆ ಎಲೆಯಲ್ಲೂ ಬದುಕುತ್ತದೆ, ಹಾಗಾಗಿ ಕಟ್ಟುನಿಟ್ಟು), ಆದರೆ ಸಂಕಲ್ಪವನ್ನು ಯಾವ ಕಸ್ಟಮ್ಸಿನವರೂ ಕಿತ್ತುಕೊಳ್ಳಲಾರರು. ಬಂದ ಮರುವಾರವೇ ಚಕ್ಕುಲಿ ಕರಿದು, ಹೋಳಿಗೆ ಬೇಯಿಸಿ, ಮೆಣಸಿನಕಾಯಿ ಹುರಿದದ್ದಾಯಿತು. ಅಲಾರಂ ಕೂಗಿದರೆ 'ಏನಪ್ಪ ಇದು, ಒಗ್ಗರಣೆಗೆಲ್ಲ ಬಾಯಿ ಬಡ್ಕೊಳ್ಳತ್ತೆ?' ಎಂದು ಅದನ್ನೇ ಗದರುತ್ತಾರೆ. ಅಳಿಯ ಕುರ್ಚಿ ಹತ್ತಿ ಅದಕ್ಕೆ ಸ್ನಾನದ ಟೋಪಿ ತೊಡಿಸುತ್ತಾನೆ. (ತೊಡಿಸಬಾರದು, ಅಲಾರಂ ಕೆಲಸ ಮಾಡುತ್ತಿರಬೇಕು. ಆದರೆ ಅತ್ತೆಯ ಎದುರು ಅಗ್ನಿಶಾಸ್ತ್ರ ವಿವರಿಸುವ ಅಳಿಯ ಇನ್ನೂ ಹುಟ್ಟಿಲ್ಲ.) ಕಟ್ಟಡವನ್ನು ಮನುಷ್ಯಶಕ್ತಿ ಗೆಲ್ಲಬಹುದು ಎಂಬುದಕ್ಕೆ ಇದು ಪುರಾವೆ ಅಲ್ಲವೆ ಎಂದರೆ, ಹೌದು. ಆದರೆ ತಾಯ್ತಂದೆಯರು ಸಾಧಾರಣವಾಗಿ ಬರುವುದು ಯಾವಾಗ ಎಂದೂ ಕೇಳಿ. ಏಪ್ರಿಲ್, ಮೇ. ಹೊರಡುವುದು ಚಳಿ ಶುರುವಾಗುವ ಮುಂಚೆ. ಕಿಟಕಿ ತೆರೆದಿಡಬಹುದಾದ ತಿಂಗಳುಗಳಲ್ಲಿ ಮಾತ್ರ ಬಂಡಾಯ ನಡೆಯುತ್ತದೆ. ಜನವರಿಯಲ್ಲಿ ಅತ್ತೆಯಿದ್ದರೂ ಪೊಂಗಲ್ಲೇ.

ಈಚೆಗೆ ಸ್ಥಿತಿವಂತ ಕನ್ನಡಿಗರು ಇದಕ್ಕೊಂದು ದಾರಿ ಕಂಡುಕೊಂಡಿದ್ದಾರೆ. ಹೊಸ ಮನೆ ಕಟ್ಟಿಸುವಾಗ ಬಿಲ್ಡರಿಗೆ ಹೇಳಿ 'ಸ್ಪೈಸ್ ಕಿಚನ್' ಎಂಬ ಎರಡನೆಯ ಅಡುಗೆಮನೆ ಹಾಕಿಸುವುದು. ಮುಖ್ಯ ಅಡುಗೆಮನೆಯ ಹಿಂದೆ ಸಣ್ಣದೊಂದು ಕೋಣೆ, ಅದಕ್ಕೆ ಗಟ್ಟಿ ಬಾಗಿಲು, ಉರಿಯುವ ಗ್ಯಾಸ್ ಒಲೆ, ಹೊಗೆಯನ್ನು ನಿಜವಾಗಿಯೂ ಹೊರಗೆ ತಳ್ಳುವ ಫ್ಯಾನು, ಗುಡಿಸಿ ಒರೆಸಬಹುದಾದ ನೆಲ. ಸಾವಿರಾರು ಡಾಲರ್ ಹೆಚ್ಚಿಗೆ ತೆತ್ತು ಪಡೆದ ಈ ಸೌಕರ್ಯ ನಮ್ಮ ಅಜ್ಜಿಯರಿಗೆ ಬಿಟ್ಟಿಯಾಗಿ ಸಿಕ್ಕಿತ್ತು, ಅವರು ಅದರಿಂದ ಹೊರಬರಲು ಹೆಣಗುತ್ತಿದ್ದರು ಎಂಬುದು ಬೇರೆ ಮಾತು. ಅಂಥ ಮನೆಗಳಲ್ಲಿ ವಾರದ ಪಟ್ಟಿ ಬದಲಾಗಿದೆ ಎಂಬುದೇ ನನ್ನ ವಾದಕ್ಕೆ ಕೊನೆಯ ಸಾಕ್ಷಿ. ಅಲ್ಲಿ ಬುಧವಾರವೂ ರೊಟ್ಟಿ ಬಡಿಯುವ ಸದ್ದಿದೆ, ಗುರುವಾರ ಮುದ್ದೆಗೆ ಬಸ್ಸಾರಿದೆ, ಧಾರವಾಡ ಧಾರವಾಡವಾಗಿ, ಮಂಡ್ಯ ಮಂಡ್ಯವಾಗಿ ಬೇರೆಯಾಗುತ್ತಿವೆ. ಬೆಲ್ಲದ ಜಗಳ ಮತ್ತೆ ಶುರುವಾಗಿದೆಯಂತೆ. ಗ್ರಾನೈಟ್ ಹಾಸಿದ ಆ ದೊಡ್ಡ ಮುಖ್ಯ ಅಡುಗೆಮನೆ ಏನಾಯಿತು ಎಂದರೆ, ಅದು ಫಳಫಳ ಹೊಳೆಯುತ್ತ ಹಾಗೇ ಇದೆ. ಅದರ ಆರು ಬರ್ನರಿನ ಒಲೆಯ ಮೇಲೆ, ನೆಂಟರು ಬಂದಾಗ, ಟೀ ಕಾಯಿಸುತ್ತಾರೆ.