ದ್ವಾರಪಾಲಕ ಮಹಾಶಯರಿಗೆ ಅರ್ಪಿಸಿದ ಮಾನಪತ್ರ

ಸ್ವಸ್ತಿ! ರೆಫರಿಯ ಸೀಟಿ, ಎದುರು ಪಕ್ಷದ ಪ್ರೇಕ್ಷಕರ ಧಿಕ್ಕಾರ, ಸ್ವಪಕ್ಷದ ಪ್ರೇಕ್ಷಕರ ಅದಕ್ಕೂ ಮಿಗಿಲಾದ ಧಿಕ್ಕಾರ, ಗೋಲುಕಂಬಕ್ಕೆ ಚೆಂಡು ಬಡಿದ ಢಣತ್ಕಾರ, ತಿಂಗಳ ಕೊನೆಯಲ್ಲಿ ಕ್ಲಬ್ಬಿನ ಖಜಾಂಚಿಯ ಕೆಮ್ಮು ಎಂಬೀ ಶಬ್ದಗಳನ್ನು ಚಿರಕಾಲ ಆಲಿಸಿ ಸಮಧಿಗತ ಪಂಚಮಹಾಶಬ್ದರಾದ, 7.32 ಮೀಟರ್ ಅಗಲವೂ 2.44 ಮೀಟರ್ ಎತ್ತರವೂ ಉಳ್ಳ ಸಾಮ್ರಾಜ್ಯಕ್ಕೆ ಏಕಚ್ಛತ್ರಾಧಿಪತಿಗಳಾದ, ಮಿನ್ಸ್ಕ್ ಬುಕಾರೆಸ್ಟ್ ಯೇನಾ ತೋಮ್ಸ್ಕ್ ಪ್ರಭೃತಿ ನಾನಾ ನಗರ ಸಂಚಾರಿಗಳಾದ, ಕರಕವಚಾಲಂಕೃತರೂ ಪೆನಾಲ್ಟಿ ಗಜಕೇಸರಿಗಳೂ ಆದ ಬೆಲರೂಸ್ ದೇಶೀಯ ಶ್ರೀಮಾನ್ ವಾಸಿಲಿ ಖೊಮುಟೊವ್ಸ್ಕಿ ಮಹಾಶಯರೆ. ವೇದಿಕೆಯ ಮೇಲೆ ಸ್ಥಳ ಸಾಲದ್ದರಿಂದ ಬಲೆಯ ಹಿಂದೆಯೇ ಆಸೀನರಾಗಿರುವ ಇತರ ಗೋಲ್‌ಕೀಪರ್ ಬಂಧುಗಳೆ. ಮತ್ತು ಮೊದಲ ಸಾಲಿನ ಮೆತ್ತನೆಯ ಕುರ್ಚಿಗಳನ್ನು ಯಾರೂ ಹೇಳದೆಯೇ ಆಕ್ರಮಿಸಿಕೊಂಡಿರುವ ಕ್ಲಬ್ಬುಗಳ ಮಾಲೀಕರೆ, ಮಾಜಿ ಮಾಲೀಕರೆ, ಮಾಲೀಕರಾಗುವೆವೆಂದು ಪತ್ರಿಕೆಗಳಲ್ಲಿ ಭಾವಚಿತ್ರ ಮುದ್ರಿಸಿಕೊಂಡು ಆಮೇಲೆ ಕಾಣದೆ ಹೋದ ಮಹನೀಯರೆ,

ಈ ಸಭೆ ಎಲ್ಲಿಯೂ ನಡೆದಿಲ್ಲ. ನಡೆಯುವ ಸಂಭವವೂ ಇಲ್ಲ. ಗೋಲು ಹೊಡೆದವನಿಗೆ ಹಾರ ಹಾಕಲು ಸಾಲುಗಟ್ಟುವ ಲೋಕದಲ್ಲಿ ಗೋಲು ತಡೆದವನಿಗಾಗಿ ಶಾಮಿಯಾನ ಹಾಕಿಸುವವರು ಯಾರು? ಯುರೋಪಿನ ಅತ್ಯುತ್ತಮ ಆಟಗಾರನಿಗೆಂದು 1956ರಲ್ಲಿ ಕೊಡಲಾರಂಭಿಸಿದ ಬಲ್ಲೋನ್ ದೋರ್ ಎಂಬ ಚಿನ್ನದ ಚೆಂಡು ಇಷ್ಟು ದಶಕಗಳಲ್ಲಿ ಒಬ್ಬನೇ ಒಬ್ಬ ಗೋಲ್‌ಕೀಪರನ ಕೈಸೇರಿತು: 1963ರಲ್ಲಿ, ಮಾಸ್ಕೋದ ಲೆವ್ ಯಾಶಿನ್‌ಗೆ. ಆ ಬಳಿಕ ಪ್ರಶಸ್ತಿದಾತರಿಗೆ ಅಂತಃಸಾಕ್ಷಿ ಚುಚ್ಚಿತೋ ಏನೋ, 2019ರಲ್ಲಿ ಯಾಶಿನ್ ಹೆಸರಿನಲ್ಲಿಯೇ ಪ್ರತ್ಯೇಕವಾದ ಒಂದು ಪಾರಿತೋಷಕವನ್ನು ಏರ್ಪಡಿಸಿದರು. ಮುಖ್ಯ ಪಂಕ್ತಿಯಲ್ಲಿ ಎಲೆ ಹಾಕದೆ, ಹಿಂದಿನ ಪಡಸಾಲೆಯಲ್ಲಿ ಆದರದಿಂದ ಬಡಿಸುವ ಕ್ರಮ ನಮಗೆ ಅಪರಿಚಿತವೇನಲ್ಲ.

ಮಹಾಶಯರೆ, ತಮ್ಮ ವೃತ್ತಿಯವರ ಪೂರ್ವಜರು ವೈಕುಂಠದಲ್ಲಿ ಇದ್ದರು. ಜಯ ವಿಜಯರು ಮಾಡಿದ ಅಪರಾಧವಾದರೂ ಏನು? ಬಾಗಿಲು ಕಾಯಿರೆಂದು ನೇಮಿಸಿದ್ದರು, ಕಾದರು, ಒಳನುಗ್ಗಿದವರನ್ನು ತಡೆದರು, ಶಾಪ ಪಡೆದು ಭೂಮಿಗೆ ಬಿದ್ದರು. ಅವರಿಗಾದರೋ ಮೂರು ಜನ್ಮಗಳಲ್ಲಿ ಶಾಪ ತೀರಿತು. ಕಾಲ್ಚೆಂಡಿನ ಶಾಸನಕರ್ತರು ತಮಗೆ ಕೊಡುತ್ತಿರುವ ಶಾಪ ಮಾತ್ರ ವರ್ಷೇ ವರ್ಷೇ ಪರಿಷ್ಕೃತವಾಗಿ ಹೊಸ ಮುದ್ರಣ ಕಾಣುತ್ತಿದೆ. (ಈ ಶಾಸನಕರ್ತರ ಮಂಡಳಿಯಲ್ಲಿ ಇರುವುದು ಎಂಟು ಮತಗಳು. ನಾಲ್ಕು ಫಿಫಾದ್ದು, ಉಳಿದ ನಾಲ್ಕು ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡುಗಳಿಗೆ ಒಂದೊಂದು. ಆರು ಮತ ಬಿದ್ದರೆ ಭೂಮಂಡಲದ ಸಮಸ್ತ ಗೋಲ್‌ಕೀಪರರ ಕಾಲು ಎಲ್ಲಿರಬೇಕೆಂಬುದು ತೀರ್ಮಾನವಾಯಿತು. ಬೆಲರೂಸಿಗೆ ಅಲ್ಲಿ ಮತವಿಲ್ಲ, ಬ್ರೆಜಿಲಿಗೂ ಇಲ್ಲ.) 1992ರಲ್ಲಿ, ಸ್ವಪಕ್ಷದವನು ಉದ್ದೇಶಪೂರ್ವಕವಾಗಿ ಕಾಲಿನಿಂದ ಹಿಂದಕ್ಕೊದ್ದ ಚೆಂಡನ್ನು ಕೈಯಿಂದ ಮುಟ್ಟಕೂಡದೆಂದರು. 2019ರಲ್ಲಿ, ಪೆನಾಲ್ಟಿ ಒದೆಯುವ ಕ್ಷಣದಲ್ಲಿ ಒಂದು ಪಾದದ ಒಂದಂಶವಾದರೂ ಗೆರೆಯ ಮೇಲೆಯೋ ಗೆರೆಗೆ ನೇರವಾಗಿಯೋ ಇರತಕ್ಕದ್ದೆಂದರು. ಕತಾರಿನ ವಿಶ್ವಕಪ್ ಫೈನಲಿನಲ್ಲಿ ಆರ್ಜೆಂಟೀನಾದ ಎಮಿಲಿಯಾನೊ ಮಾರ್ಟಿನೆಸ್ ಫ್ರೆಂಚರೆದುರು ಸ್ವಲ್ಪ ಲೀಲೆ ತೋರಿದ್ದೇ ತಡ, ಒದೆಯುವವನ ಚಿತ್ತವನ್ನು ಅನ್ಯಾಯವಾಗಿ ಚಂಚಲಗೊಳಿಸಬಾರದೆಂದು 2023ರಲ್ಲಿ ಬರೆದರು. 2025ರಲ್ಲಿ, ಚೆಂಡನ್ನು ಎಂಟು ಸೆಕೆಂಡಿಗಿಂತ ಹೆಚ್ಚು ಅಪ್ಪಿಕೊಂಡಿದ್ದರೆ ಎದುರಾಳಿಗೆ ಕಾರ್ನರ್ ಕಿಕ್ ಎಂದರು. ಒದೆಯುವವನೋ! ಓಡಿಬರುವಾಗ ಕುಂಟಬಹುದು, ತಡವರಿಸಬಹುದು, ನರ್ತಿಸಬಹುದು. ಹನ್ನೊಂದು ಮೀಟರ್ ದೂರದಿಂದ ಹಾರಿಬರುವ ಚೆಂಡನ್ನು ತಡೆಯಲಾರದ ಈತ ಅಪರಾಧಿ. ಅದೇ ದೂರದಿಂದ ಆಕಾಶಕ್ಕೆ ಒದ್ದ ಆತ ದುರದೃಷ್ಟವಂತ!

ಕ್ಷಮಿಸಬೇಕು, ಇದು ಅಭಿನಂದನಾ ಸಭೆ. ಅಭಿನಂದಿಸುತ್ತೇನೆ.

2005ನೆಯ ಇಸವಿ ಫೆಬ್ರವರಿ 24ರ ರಾತ್ರಿ, ಯುಇಎಫ್‌ಎ ಕಪ್ಪಿನ ಅಂದಿನ ಒಡೆಯರಾದ ಸ್ಪೇನಿನ ವಲೆನ್ಸಿಯಾದವರು, ತಮ್ಮ ಊರಿನಲ್ಲಿ 2-0 ಗೆದ್ದ ಗರ್ವದಿಂದ ಬುಕಾರೆಸ್ಟಿಗೆ ಬಂದು ಸ್ಟೆಯಾವಾ ತಂಡದೆದುರು ನಿಂತಾಗ, ಆಂದ್ರೆಯಿ ಕ್ರಿಸ್ತಿಯಾ ಎಂಬಾತನ ಎರಡು ಗೋಲುಗಳಿಂದ ಲೆಕ್ಕ ಸಮವಾಗಿ, ಹೆಚ್ಚುವರಿ ಆಟದಲ್ಲಿಯೂ ನಿರ್ಣಯವಾಗದೆ, ಕೊನೆಗೆ ಪೆನಾಲ್ಟಿಗಳ ಅಗ್ನಿಪರೀಕ್ಷೆಗೆ ಬಂದಾಗ, ಗೋಲಿನಲ್ಲಿ ನಿಂತಿದ್ದವರು ತಾವು. ಸ್ಟೆಯಾವಾ 4-3ರಿಂದ ಗೆದ್ದಿತು. ಮರುದಿನವೇ ವಲೆನ್ಸಿಯಾದ ಮಾಲೀಕವರ್ಗ ತನ್ನ ತರಬೇತುದಾರ ಕ್ಲೌಡಿಯೊ ರಾನಿಯೇರಿಯನ್ನು ಮನೆಗೆ ಕಳುಹಿಸಿತು. ಮುಂದೆ 2016ರಲ್ಲಿ ಬಡ ಲೆಸ್ಟರ್ ತಂಡವನ್ನು ಇಂಗ್ಲೆಂಡಿನ ಚಾಂಪಿಯನ್ ಮಾಡಿದ ರಾನಿಯೇರಿ ಇವರೇ. ಚಾಂಪಿಯನ್ ಮಾಡಿದ ಒಂಬತ್ತು ತಿಂಗಳಿಗೆ ಲೆಸ್ಟರಿನ ಮಾಲೀಕರೂ ಇವರನ್ನು ಕಳುಹಿಸಿದರೆಂಬುದು ಪ್ರಸ್ತುತವಲ್ಲ. ಪ್ರಸ್ತುತವಲ್ಲ, ಆದರೆ ಹೇಳದಿರಲಾರೆ!

ಆ ಸ್ಟೆಯಾವಾದ ಗೋಲುದ್ವಾರಕ್ಕೆ ಒಂದು ಸ್ಥಳಪುರಾಣವೇ ಉಂಟು. 1986ರ ಮೇ 7ರಂದು ಸೆವಿಯಾ ನಗರದಲ್ಲಿ ನಡೆದ ಯುರೋಪಿಯನ್ ಕಪ್ಪಿನ ಫೈನಲಿನಲ್ಲಿ ಅದೇ ಕ್ಲಬ್ಬಿನ ಹೆಲ್ಮುತ್ ದುಕಾದಾಮ್ ಬಾರ್ಸಿಲೋನಾದವರ ನಾಲ್ಕಕ್ಕೆ ನಾಲ್ಕು ಪೆನಾಲ್ಟಿಗಳನ್ನೂ ತಡೆದು, ಪೂರ್ವ ಯುರೋಪಿಗೆ ಆ ಕಪ್ಪನ್ನು ಮೊಟ್ಟಮೊದಲು ತಂದಿತ್ತ ಮಹಾನುಭಾವ. ಕೆಲವೇ ತಿಂಗಳಲ್ಲಿ ತೋಳಿನಲ್ಲಿ ರಕ್ತ ಹೆಪ್ಪುಗಟ್ಟುವ ವ್ಯಾಧಿ ಆತನನ್ನು ಮೈದಾನದಿಂದ ದೂರವಿಟ್ಟಿತು. ಅಂಥ ದ್ವಾರದಲ್ಲಿ ಬೆಲರೂಸಿನ ಪರದೇಶಿಯೊಬ್ಬ ನಿಂತು, ಸ್ಥಳದೇವತೆಗೆ ಅಪಚಾರವಾಗದಂತೆ ನಡೆದುಕೊಂಡನೆಂಬುದೇ ನನ್ನ ಮಟ್ಟಿಗೆ ಶಾಲು ಹೊದಿಸಲು ಸಾಕಾದ ಕಾರಣ. ಅಂದು ತಮ್ಮ ತಂಡದ ತರಬೇತುದಾರರಾಗಿದ್ದ ಇಟಲಿಯ ವಾಲ್ಟರ್ ಜೆಂಗಾ ಸಹ ಗೋಲ್‌ಕೀಪರರೇ; 1990ರ ವಿಶ್ವಕಪ್ಪಿನಲ್ಲಿ 517 ನಿಮಿಷ ಒಂದೂ ಗೋಲು ಬಿಡದೆ ನಿಂತವರು. ಆ ಋತುವಿನಲ್ಲಿ ಸ್ಟೆಯಾವಾ ರುಮೇನಿಯಾದ ಚಾಂಪಿಯನ್ ಆಯಿತು. ಜೆಂಗಾ ಎಲ್ಲಿದ್ದರು? ಲೀಗ್ ಮುಗಿಯುವುದಕ್ಕೆ ಮೊದಲೇ ಮಾಲೀಕರು ಅವರನ್ನೂ ಕಳುಹಿಸಿಯಾಗಿತ್ತು. ಮೊದಲ ಸಾಲಿನ ಮಹನೀಯರೆ, ಚಪ್ಪಾಳೆ ಏಕೆ ನಿಂತಿತು?

ಈಗ ಆ ಸ್ಟೆಯಾವಾ ಎಲ್ಲಿದೆ ಎಂದು ಹುಡುಕಲು ಹೊರಟರೆ ವಕೀಲರ ನೆರವು ಬೇಕು. ಸೈನ್ಯ 1947ರಲ್ಲಿ ಸ್ಥಾಪಿಸಿದ ಕ್ಲಬ್ಬಿನ ಹೆಸರು ಲಾಂಛನಗಳನ್ನು ಮಾಲೀಕರು ಅನುಭವಿಸುತ್ತಿದ್ದುದಕ್ಕೆ ಸೈನ್ಯವೇ ವ್ಯಾಜ್ಯ ಹೂಡಿ, 2014ರಲ್ಲಿ ಲಾಂಛನ ಹೋಗಿ, 2017ರಲ್ಲಿ ಹೆಸರೂ ಹೋಗಿ, ಎಫ್‌ಸಿಎಸ್‌ಬಿ ಎಂಬ ನಾಲ್ಕಕ್ಷರ ಉಳಿಯಿತು. ಸೈನ್ಯದವರು ಅದೇ ವರ್ಷ ತಮ್ಮದೊಂದು ಸ್ಟೆಯಾವಾವನ್ನು ನಾಲ್ಕನೆಯ ದರ್ಜೆಯಿಂದ ಆರಂಭಿಸಿದರು. 1986ರ ಕಪ್ಪು ಯಾರದೆಂದು ಇಬ್ಬರೂ ಕಾದಾಡುತ್ತಾರೆ. ಗೆದ್ದುಕೊಟ್ಟವನು ದುಕಾದಾಮ್!

ಮುಂದೆ ತಾವು ಜರ್ಮನಿಯ ಯೇನಾಕ್ಕೆ ದಯಮಾಡಿಸಿದಿರಿ. ದೂರದರ್ಶಕ, ಸೂಕ್ಷ್ಮದರ್ಶಕಗಳ ಗಾಜಿಗೆ ಹೆಸರಾದ ಕಾರ್ಲ್ ಜೈಸ್ ಕಾರ್ಖಾನೆಯ ನಾಮಧೇಯವನ್ನೇ ಹೊತ್ತ ಆ ಕ್ಲಬ್ಬು 2007-08ರ ಋತುವಿನಲ್ಲಿ ಒಂದು ವಿಚಿತ್ರವನ್ನು ಮಾಡಿತು: ಅಂದಿನ ಜರ್ಮನ್ ಚಾಂಪಿಯನ್ ಸ್ಟುಟ್‌ಗಾರ್ಟನ್ನು ಪೆನಾಲ್ಟಿಗಳಲ್ಲಿ ಮಣಿಸಿ ಜರ್ಮನ್ ಕಪ್ಪಿನ ಸೆಮಿಫೈನಲ್ ಮುಟ್ಟಿತು, ಡಾರ್ಟ್‌ಮುಂಡಿಗೆ 3-0ರಿಂದ ಸೋತಿತು, ಮತ್ತು ಅದೇ ಋತುವಿನಲ್ಲಿ ಎರಡನೆಯ ದರ್ಜೆಯ ಲೀಗಿನಲ್ಲಿ ಕಟ್ಟಕಡೆಯ ಸ್ಥಾನ ಪಡೆದು ಕೆಳಕ್ಕೆ ಜಾರಿತು. ಅಷ್ಟು ಮಸೂರಗಳಿದ್ದೂ ಆಡಳಿತ ಮಂಡಳಿಗೆ ಮುಂದಿನದು ಕಾಣಲಿಲ್ಲ.

ಬಳಿಕ ತೋಮ್ಸ್ಕ್. ಮಾಸ್ಕೋದಿಂದ ಸುಮಾರು 3,000 ಕಿಲೋಮೀಟರ್ ಪೂರ್ವಕ್ಕೆ, ಸೈಬೀರಿಯಾದಲ್ಲಿ, ತೋಮ್ ನದಿಯ ದಂಡೆಯ ವಿದ್ಯಾನಗರಿ. ಅಲ್ಲಿನ ಹಿಮದಲ್ಲಿ ಗೋಲ್‌ಕೀಪರನಾಗಿರುವುದೆಂದರೆ, ಇತರರು ಓಡಿ ಮೈ ಬಿಸಿಮಾಡಿಕೊಳ್ಳುವಾಗ ತಾನೊಬ್ಬನೇ ನಿಂತಲ್ಲಿ ನಿಂತು ಹೆಪ್ಪುಗಟ್ಟುವ ಉದ್ಯೋಗ. 2009ರಲ್ಲಿ ಆ ಊರಿನ ಕ್ಲಬ್ಬು ಹಣವಿಲ್ಲದೆ ಮುಳುಗುವ ಸ್ಥಿತಿಗೆ ಬಂದು, ದೇಶದ ಪ್ರಧಾನಿಯೇ ಮಧ್ಯೆ ಪ್ರವೇಶಿಸಬೇಕಾಯಿತು. 2022ರಲ್ಲಿ ಯಾರೂ ಪ್ರವೇಶಿಸಲಿಲ್ಲ, ಕ್ಲಬ್ಬು ಮುಳುಗಿತು. ಬಲೆಯ ಹಿಂದೆ ಕುಳಿತಿರುವ ಗೋಲ್‌ಕೀಪರ್, ಬೆಲರೂಸಿನ ದೊಬ್ರುಶ್ ಎಂಬ ಕಾಗದದ ಕಾರ್ಖಾನೆಯ ಊರಿನಲ್ಲಿ 1981ರಲ್ಲಿ ಜನಿಸಿದ ಯೂರಿ ಝೆವ್ನೋವ್ ಅವರ ಕಥೆಯೂ ಬೇರೆಯಲ್ಲ. ಬೋರಿಸೋವ್‌ನ ಬಾಟೆ ತಂಡದಿಂದ ಹೊರಟು ಎಫ್‌ಸಿ ಮಾಸ್ಕೋ ಎಂಬ ಕ್ಲಬ್ಬಿನ ದ್ವಾರವನ್ನು ಅವರು 2005ರಿಂದ ಐದು ಋತು ಕಾದರು. 2010ರ ಫೆಬ್ರವರಿಯಲ್ಲಿ, ಲೀಗ್ ಇನ್ನೇನು ಆರಂಭವಾಗಬೇಕು ಎನ್ನುವಾಗ, ಕ್ಲಬ್ಬನ್ನು ಸಾಕುತ್ತಿದ್ದ ನಿಕ್ಕಲ್ ಗಣಿಯ ಕಂಪನಿ ಹಣ ಕೊಡುವುದನ್ನು ನಿಲ್ಲಿಸಿತು. ಕ್ಲಬ್ಬು ಪ್ರೀಮಿಯರ್ ಲೀಗಿನಿಂದ ಹಿಂದೆ ಸರಿಯಿತು. ದ್ವಾರಪಾಲಕ ದ್ವಾರದಲ್ಲಿಯೇ ಇದ್ದಾನೆ. ಅರಮನೆಯನ್ನೇ ಹಿಂದಿನಿಂದ ಯಾರೋ ಮಾರಿಕೊಂಡರು! ಚೆಂಡು ಒಳಗೆ ಬಂದರೆ ಈತನನ್ನು ಬಯ್ಯಲು ಮೂವತ್ತು ಸಾವಿರ ಜನ. ಕ್ಲಬ್ಬೇ ಹೊರಗೆ ಹೋದಾಗ ಬಯ್ಯಲು ಯಾರಿದ್ದರು ಸ್ವಾಮಿ? ಯಾವ ರೆಫರಿ ಸೀಟಿ ಊದಿದ? ಯಾವ ಮಾಲೀಕನ ಪಾದ ಗೆರೆಯ ಮೇಲಿತ್ತೆಂದು ಯಾರು ಕ್ಯಾಮರಾದಲ್ಲಿ ನೋಡಿದರು? ಎಂಟು ಸೆಕೆಂಡಿಗಿಂತ ಹೆಚ್ಚು ಸಂಬಳ ಹಿಡಿದುಕೊಂಡವನಿಗೆ ಕಾರ್ನರ್ ಕಿಕ್ ಉಂಟೆ?

ಸಭಿಕರು ಶಾಂತರಾಗಬೇಕು, ಮುಖ್ಯವಾಗಿ ಭಾಷಣಕಾರನು.

ತಾಯ್ನಾಡಿನ ವಿಚಾರವನ್ನೂ ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. 2020ರ ಮಹಾಮಾರಿಯಲ್ಲಿ ಯುರೋಪಿನ ಮೈದಾನಗಳೆಲ್ಲ ಬೀಗ ಹಾಕಿಕೊಂಡಾಗ ಬೆಲರೂಸಿನ ಲೀಗ್ ಮಾತ್ರ ಪ್ರೇಕ್ಷಕರ ಸಮೇತ ನಡೆಯಿತು. ಅದರ ಪ್ರಸಾರದ ಹಕ್ಕನ್ನು ಕೊಂಡ ದೇಶಗಳಲ್ಲಿ ನಮ್ಮ ಭಾರತವೂ ಒಂದು. ಎರಡೇ ವರ್ಷ ಕಳೆಯುವಷ್ಟರಲ್ಲಿ, ಯುಕ್ರೇನಿನ ಯುದ್ಧದಿಂದಾಗಿ, ಬೆಲರೂಸಿನ ತಂಡಗಳು ತಮ್ಮ ತವರು ಪಂದ್ಯಗಳನ್ನು ಪರದೇಶದಲ್ಲಿ ಆಡಬೇಕೆಂದು ಯುಇಎಫ್‌ಎ ವಿಧಿಸಿತು. ಆ ದೇಶದ ಗೋಲ್‌ಕೀಪರನಿಗೆ ದೇಶಾಟನ ಈಗ ತವರಿನ ಪಂದ್ಯದಿಂದಲೇ ಪ್ರಾರಂಭ.

ಮಹಾಶಯರೆ, ಕೈಗವಸು ಕಳಚಿದ ಮೇಲೆ ತಾವು ಆರಿಸಿಕೊಂಡದ್ದು ತರಬೇತುದಾರನ ಪದವಿ. ಅಂದರೆ ಇಷ್ಟೆಲ್ಲವನ್ನೂ ಅನುಭವಿಸಿದವರು ಇನ್ನಷ್ಟು ಹುಡುಗರನ್ನು ಅದೇ ಹಾದಿಗೆ ಸಿದ್ಧಪಡಿಸುತ್ತೀರಿ! ಚೆಂಡು ಹೊರಡುವ ಮೊದಲೇ ಒದೆಯುವವನ ಸೊಂಟ ಎತ್ತ ತಿರುಗಿತೆಂದು ನೋಡುವುದು, ಮುಂದೆ ನುಗ್ಗಿ ಕೋನವನ್ನು ಕಿರಿದುಗೊಳಿಸುವುದು, ಗೋಲು ಬಿಟ್ಟ ಮರುಕ್ಷಣ ಮುಖವನ್ನು ಎಂದಿನಂತೆ ಇಟ್ಟುಕೊಳ್ಳುವುದು, ಇವನ್ನು ಕಲಿಸುವವರು ಬಹಳ ಮಂದಿ. ತಾವು ದಯವಿಟ್ಟು ಇನ್ನೊಂದು ಪಾಠವನ್ನೂ ಸೇರಿಸಬೇಕು: ಕರಾರುಪತ್ರದ ಸಣ್ಣ ಅಕ್ಷರಗಳನ್ನು ಓದುವುದು, ಮತ್ತು ಮಾಲೀಕರ ಸೊಂಟ ಎತ್ತ ತಿರುಗುತ್ತಿದೆಯೆಂದು ಗಮನಿಸುವುದು.

ಈ ಮಾನಪತ್ರವನ್ನೂ ಶಾಲನ್ನೂ ಫಲತಾಂಬೂಲವನ್ನೂ ಸ್ವೀಕರಿಸಬೇಕೆಂದು ಪ್ರಾರ್ಥಿಸುತ್ತೇನೆ. ಗಂಧದ ಹಾರಕ್ಕೆ ಹಣ ಕೊಡುವುದಾಗಿ ಮೊದಲ ಸಾಲಿನ ಮಹನೀಯರೊಬ್ಬರು ವಚನವಿತ್ತಿದ್ದರು. ಈಗ ನೋಡಿದರೆ ಕುರ್ಚಿ ಖಾಲಿಯಿದೆ. ಬಾಗಿಲ ಬಳಿ ಇರುವವರು ದಯಮಾಡಿ ಅವರನ್ನು ತಡೆಯಿರಿ.